ನೆಲಮಹಡಿಗೆ ಇಳಿದ ಮೂವತ್ತೊಂದು

ಹೊದಿಕೆಯ ಒಂದು ತುದಿ ಅಕ್ಕನ ಕೈಯಲ್ಲಿತ್ತು, ಇನ್ನೊಂದು ತುದಿ ನನ್ನ ಕೈಯಲ್ಲಿ. ಅವಳು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಗಟ್ಟಿಯಾಗಿ ಹಿಡಿದುಕೊಳ್ಳುವುದು, ನಾನು ನಿಂತು ತಿರುವುವುದು. ದಪ್ಪ ಬಟ್ಟೆ ಹಿಂಡುವಾಗ ನಮ್ಮದು ಯಾವಾಗಲೂ ಹೀಗೇ. ನೀರು ಧಾರೆಯಾಗಿ ಇಳಿದು ಅಂಗಳದ ಮೋರಿಯ ಕಡೆ ಹರಿಯುತ್ತಿತ್ತು.

"ಇನ್ನೊಂದು ಸುತ್ತು ತಿರುವು. ಹಿಂಡ್ತಿದೀಯೋ, ಮುದ್ದು ಮಾಡ್ತಿದೀಯೋ?" ಅಂದಳು ಅಕ್ಕ.

"ನೀನು ಬಿಡದೆ ಹಿಡ್ಕೊ ಸಾಕು. ಹೋದ ಸಲ ಸೀನು ಬಂತು ಅಂತ ಬಿಟ್ಟೆ, ನಾನು ಹೋಗಿ ಬಕೆಟ್ಟಲ್ಲಿ ಕೂತೆ."

"ಅವತ್ತು ಕಟ್ಟಡದವರೆಲ್ಲ ಹೊಟ್ಟೆ ತುಂಬ ನಕ್ಕರಲ್ಲ, ಆ ಪುಣ್ಯ ನಿಂಗೇ ಬಂತು ಬಿಡು."

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣ ತಮ್ಮ ಇಬ್ಬರೂ ಒಬ್ಬರ ಹಿಂದೊಬ್ಬರು ಹೊರಟುಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಸೊಂಟದ ಮೂಳೆ ಮುರಿದು ಕೂಡಿಕೊಂಡಂದಿನಿಂದ ಅಕ್ಕನಿಗೆ ಒಳಗಿನಿಂದ ಬಾಗಿಲಿಗೆ, ಬಾಗಿಲಿನಿಂದ ಒಳಗೆ, ಅಷ್ಟೇ ನಡಿಗೆ. ಆದರೆ ಆ ಬಾಗಿಲಲ್ಲಿ ಕೂತುಕೊಂಡೇ ಅವಳು ಇಡೀ ಕಟ್ಟಡವನ್ನು ನಡೆಸುತ್ತಾಳೆ. ಅವಳ ತಲೆಯ ಹಿಂದೆ ಗೋಡೆಗೆ ಒಂದು ಹಲಗೆ, ಹಲಗೆಯ ತುಂಬ ಮೊಳೆ, ಪ್ರತಿ ಮೊಳೆಗೂ ಒಂದು ಬೀಗದ ಕೈ. ಕೆಲಸಕ್ಕೆ ಹೋಗುವವರು ಕೊಟ್ಟು ಹೋಗುತ್ತಾರೆ, ಶಾಲೆಯಿಂದ ಬಂದ ಮಕ್ಕಳು ಇಸಿದುಕೊಂಡು ಹೋಗುತ್ತವೆ. ಯಾರ ಮನೆಯ ಗಿಡಕ್ಕೆ ನೀರು ಹಾಕಬೇಕು, ಯಾರ ಮನೆಯ ನಲ್ಲಿ ಸೋರುತ್ತದೆ, ಯಾರ ಮನೆಗೆ ಯಾರು ಬಂದು ಹೋದರು, ಎಲ್ಲ ಅವಳಿಗೆ ಗೊತ್ತು. ಕೇಳದವರಿಗೂ ಹೇಳುತ್ತಾಳೆ.

ನಾವು ಹೊದಿಕೆ ಹಿಂಡುತ್ತಿರುವಾಗಲೇ ಒಬ್ಬ ಹುಡುಗಿ ಅಂಗಳಕ್ಕೆ ಬಂದಳು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಸ್ಲೇಟಿನಂಥ ಟ್ಯಾಬ್. ಹಳೆಯ ಕಟ್ಟಡ ಕೆಡವಿ, ಅದೇ ಜಾಗದಲ್ಲಿ ಎತ್ತರದ ಹೊಸ ಕಟ್ಟಡ ಕಟ್ಟಿ, ನಮಗೂ ಅದರಲ್ಲಿ ಮನೆ ಕೊಡುತ್ತೇವೆ ಅಂದಿದ್ದ ಕಂಪನಿಯವಳು ಅಂತ ನೋಡಿದೊಡನೆ ತಿಳಿಯಿತು. ಆ ಕಂಪನಿಯ ನೋಟೀಸು ಮೆಟ್ಟಿಲ ಬುಡದ ಗೋಡೆಯಲ್ಲಿ ಆಗಲೇ ಮಾಸಲು ಶುರುವಾಗಿತ್ತು.

"ಅಜ್ಜಿ, ಒಂದ್ನಿಮಿಷ. ಇದು ಮೂರನೇ ನಂಬರ್ ಮನೆ ತಾನೆ?"

"ತಗಡು ನೋಡಮ್ಮ ತಾಯಿ. ಮೂವತ್ತೊಂದು," ಅಂದಳು ಅಕ್ಕ.

"ಅದೇ ನನ್ನ ತೊಂದರೆ ಅಜ್ಜಿ. ಎರಡು ಆದ್ಮೇಲೆ ಮೂವತ್ತೊಂದು ಇದೆ. ಆಮೇಲೆ ನಾಲ್ಕು. ಅದರ ಪಕ್ಕ ಹತ್ತೊಂಬತ್ತು! ಮೂರು ಎಲ್ಲಿ?"

"ನಾಲ್ಕನೇ ಮಹಡಿಲಿ. ದರ್ಜಿ ಮನೆ."

"ಮೂರು ನಾಲ್ಕನೇ ಮಹಡಿಗೆ ಹೇಗೆ ಹೋಯ್ತು?"

"ಮೆಟ್ಟಿಲು ಹತ್ಕೊಂಡು ಹೋಯ್ತು. ಇಲ್ಲಿ ಲಿಫ್ಟ್ ಎಲ್ಲಿದೆ?"

ಹುಡುಗಿ ಅಳುವುದೊಂದು ಬಾಕಿ. ನಾನು ಹೊದಿಕೆಯನ್ನು ತಂತಿಗೆ ಹಾಕಿ, ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಸಮಾಧಾನದಿಂದ ವಿಷಯ ತಿಳಿಸಿದೆ.

ನಮ್ಮ ಕಟ್ಟಡದಲ್ಲಿ ಜನ ಇಳಿಯುತ್ತಾರೆ, ಏರುತ್ತಾರೆ. ಮಂಡಿ ಸೋತವರು, ಉಸಿರು ಹತ್ತುವವರು ಕೆಳಗಿನ ಮನೆಗೆ ಇಳಿಯುತ್ತಾರೆ. ಕಾಲು ಗಟ್ಟಿ ಇರುವವರು ಗಾಳಿ ಬೆಳಕು ಹುಡುಕಿ ಮೇಲಕ್ಕೆ ಏರುತ್ತಾರೆ. ಒಬ್ಬರಿಗೊಬ್ಬರು ಮಾತಾಡಿಕೊಂಡು ಸಾಮಾನು ಬದಲಾಯಿಸಿಕೊಂಡರೆ ಮುಗಿಯಿತು. ಕಚೇರಿಗೆ ಹೇಳುವ ರೂಢಿ ಇಲ್ಲ. ಕಾಗದಪತ್ರ, ಕರೆಂಟಿನ ಬಿಲ್ಲು, ಅಂಚೆ ಎಲ್ಲ ಹಳೆಯ ನಂಬರಿಗೇ ಬರುವುದರಿಂದ, ಮನೆ ಬದಲಾಯಿಸುವವರು ಬಾಗಿಲ ಮೇಲಿನ ನಂಬರ್ ತಗಡನ್ನೂ ತಿರುಪು ಬಿಚ್ಚಿ ಜೊತೆಗೇ ಒಯ್ಯುತ್ತಾರೆ. ನಮ್ಮ ಮೂವತ್ತೊಂದು ಮೊದಲು ನಾಲ್ಕನೇ ಮಹಡಿಯಲ್ಲಿತ್ತು. ನನ್ನ ಗಂಡನಿಗೆ ಪಾರ್ಶ್ವವಾಯು ಬಡಿದಾಗ, ಆಗಷ್ಟೇ ಮದುವೆಯಾಗಿದ್ದ ದರ್ಜಿ ತಾನಾಗಿ ಬಂದು, "ಚಿಕ್ಕಮ್ಮ, ನಮಗೆ ಮೇಲಿನ ಗಾಳಿ ಇಷ್ಟ, ನೀವು ಕೆಳಗೆ ಬನ್ನಿ" ಅಂದ. ಅವನೇ ನಮ್ಮ ಪಾತ್ರೆಪಗಡ ಹೊತ್ತು ಇಳಿಸಿದ, ಅವನೇ ತಗಡು ಹೊಡೆದ. ಅದಕ್ಕೆ ಒಂದು ಲೋಟ ಚಹಾ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಹುಡುಗಿ ಬಾಯಿ ತೆರೆದುಕೊಂಡು ಕೇಳಿದಳು. ಆಮೇಲೆ ಟ್ಯಾಬ್ ಒರೆಸಿ, ಹೊಸ ಕಟ್ಟಡದ ಚಿತ್ರ ತೋರಿಸಿದಳು. ನೋಡಲು ಚೆಂದವೇ ಇತ್ತು. ಗಾಜು, ಗಿಡ, ಪ್ರತಿ ಮನೆಯೊಳಗೂ ನೀರಿನ ನಲ್ಲಿ, ಶೌಚಾಲಯ. ನಮ್ಮ ಕಟ್ಟಡದ ಗೋಡೆ ಕೈಯಿಟ್ಟಲ್ಲಿ ಉದುರುತ್ತದೆ, ಸಾಲುಗಟ್ಟಿ ನಿಂತು ಸ್ನಾನಕ್ಕೆ ಹೋಗಬೇಕು. ಹೊಸದು ಬೇಡ ಅನ್ನುವಷ್ಟು ದಡ್ಡರು ನಾವ್ಯಾರೂ ಅಲ್ಲ.

"ಕೆಳಗಡೆ ಯಾರ ಮನೆ?" ಅಂತ ಅಕ್ಕ ಕೇಳಿದಳು.

"ಕೆಳಗಡೆ ಪೂರ್ತಿ ಪಾರ್ಕಿಂಗ್ ಅಜ್ಜಿ."

"ಅಂದ್ರೆ ಕಾರುಗಳೆಲ್ಲ ನೆಲದ ಮೇಲೆ, ನಾನು ಆಕಾಶದಲ್ಲಿ? ಕಾರಿಗೂ ಸೊಂಟ ಮುರಿದಿದ್ಯಾ?"

"ಲಿಫ್ಟ್ ಇರತ್ತಲ್ಲ ಅಜ್ಜಿ."

"ಇರ್ಲಿ. ಬಾಗಿಲಲ್ಲಿ ಕೂರೋಳು ನಾನು, ಲಿಫ್ಟೊಳಗೆ ಕುರ್ಚಿ ಹಾಕ್ಕೊಳ್ಲಾ?" ಅಂದು ಅಕ್ಕ ನಕ್ಕಳು. ಹುಡುಗಿಯೂ ನಕ್ಕಳು. ಆದರೆ ಅವಳು ಹೋದ ಮೇಲೆ ಅಕ್ಕ ಬೀಗದ ಕೈಗಳ ಹಲಗೆಯನ್ನೇ ತಿರುಗಿ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದಳು. ಅಕ್ಕ ಸುಮ್ಮನಿರುವುದು ಅಂದರೆ ನಮ್ಮ ಮನೆಯಲ್ಲಿ ಜ್ವರ ಬಂದ ಹಾಗೆ. "ಮೇಲೆ ಹೋದ್ರೆ ನನ್ನ ಹತ್ರ ಯಾರು ಬರ್ತಾರೆ?" ಅಂದಳು ಕೊನೆಗೆ.

ಹುಡುಗಿ ಹೋಗುವ ಮುಂಚೆ ಎರಡು ಮಾತು ಹೇಳಿ ಹೋಗಿದ್ದಳು. ಒಂದು, ಯಾರಿಗೆ ಎಷ್ಟು ದೊಡ್ಡ ಮನೆ ಅನ್ನುವುದು ಹಳೆಯ ಕಾಗದದಂತೆ. ನೆಲಮಹಡಿಯ ಮನೆಗಳಿಗೆ ಎರಡು ಕೋಣೆ, ಮೇಲಿನವಕ್ಕೆ ಒಂದೇ. ಅಂದರೆ ನಾವಿರುವ ಎರಡು ಕೋಣೆಯ ಮನೆ ಕಾಗದದಲ್ಲಿ ದರ್ಜಿಯದು, ಅವನಿರುವ ಒಂದು ಕೋಣೆ ನಮ್ಮದು. ಇನ್ನೊಂದು, ಕೆಳಗೆ ಕಾರುಗಳ ಜಾಗದಲ್ಲಿ ಒಂದಷ್ಟು ಮನೆ ಮಾಡಿಕೊಡಿ ಅಂತ ಎಲ್ಲ ಮನೆಯವರೂ ಸೇರಿ ಒಂದೇ ಪತ್ರದಲ್ಲಿ ಕೇಳಿದರೆ ಕಂಪನಿ ನಕ್ಷೆ ತಿದ್ದಬಹುದು. "ನಿಯಮದಲ್ಲೇ ಇದೆ ಅಜ್ಜಿ. ಆದ್ರೆ ಒಂದು ಮನೆ ಸಹಿ ತಪ್ಪಿದ್ರೂ ಆಗಲ್ಲ. ನಕ್ಷೆ ಪುರಸಭೆಗೆ ಹೋಗೋ ಮುಂಚೆ ಕಳಿಸಿ."

ಅದೇ ವಾರ ಅಂಗಳದಲ್ಲಿ ಸಭೆ ಸೇರಿತು. ಎರಡನೇ ಮಹಡಿಯ ನಿವೃತ್ತ ಗುಮಾಸ್ತರು ಅಧ್ಯಕ್ಷರು. ಯಾರು ಮಾಡಿದರು ಅಂತ ಕೇಳಬೇಡಿ, ಅವರೇ ಕುರ್ಚಿ ತಂದುಕೊಂಡು ಮುಂದೆ ಕೂತರು. ಅವರಿಗೆ ಅಲ್ಪವಿರಾಮ ಅಂತ ಅಡ್ಡಹೆಸರು. ಬರೆದದ್ದನ್ನು ಎಷ್ಟು ಸಲ ಓದಿದರೂ ಒಂದು ಕಡೆ ಅಲ್ಪವಿರಾಮ ಬಿಟ್ಟುಹೋಗಿದೆ ಅನ್ನುತ್ತಾರೆ. ಅವರ ಕೈ ನಡುಗುವುದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅಕ್ಷರ ಕಲಿತದ್ದು ಗುಂಡಿ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಸಂಜೆಯ ತರಗತಿಯಲ್ಲಿ, ತಲೆ ನರೆತ ಮೇಲೆ. ಪದ ಪದದ ನಡುವೆ ಒಂದು ಬೆರಳಿನಷ್ಟು ಜಾಗ ಬಿಡಿ ಅಂತ ಮೇಷ್ಟರು ಹೇಳಿದ್ದರು. ಈಗಲೂ ಬೆರಳಿಟ್ಟೇ ಬರೆಯುತ್ತೇನೆ. ಹಾಗಾಗಿ ನನ್ನ ಕಾಗದ ಯಾವಾಗಲೂ ಬೇಗ ತುಂಬುತ್ತದೆ.

"'ವಿನಂತಿಸುತ್ತೇವೆ' ಬೇಡ. 'ವಿನಂತಿಸಿಕೊಳ್ಳುತ್ತೇವೆ' ಅಂತ ಹಾಕಿ. ಅದಕ್ಕೆ ತೂಕ ಜಾಸ್ತಿ," ಅಂದರು ಅಲ್ಪವಿರಾಮ.

"ತೂಕ ಜಾಸ್ತಿ ಆದ್ರೆ ಲಗೇಜ್ ಟಿಕೆಟ್ ಹರೀಬೇಕಾಗತ್ತೆ ಸಾರ್," ಅಂತ ದರ್ಜಿಯ ಹೆಂಡತಿ ಹಿಂದಿನಿಂದ ಕೂಗಿದಳು. ಅವಳು ಬಸ್ ಕಂಡಕ್ಟರ್. ಪಿಸುಮಾತಾಡಿದರೂ ಕೊನೆಯ ಸೀಟಿಗೆ ಕೇಳುತ್ತದೆ.

ಎಲ್ಲರೂ ನಕ್ಕರು. ಪತ್ರದ ಮೊದಲ ಭಾಗಕ್ಕೆ ಯಾರ ತಕರಾರೂ ಇರಲಿಲ್ಲ: ಮೆಟ್ಟಿಲು ಹತ್ತಲಾರದವರಿಗೆ ನೆಲಮಹಡಿಯಲ್ಲಿ ಮನೆ ಬೇಕು. ಆಮೇಲೆ ಯಾರೋ ಹೇಳಿದರು, "ಹಾಗೇ ಇನ್ನೊಂದು ಸೇರಿಸಿ. ಈಗ ಯಾರು ಯಾವ ಮನೇಲಿದಾರೋ ಅದೇ ಅಳತೆ ಮನೆ ಅವರಿಗೆ. ಕಾಗದ ಏನೇ ಹೇಳ್ಲಿ." ಸರಿ ಸರಿ ಅಂತ ನಾಲ್ಕಾರು ದನಿ ಬಂದವು. ಅಳತೆಯ ವ್ಯತ್ಯಾಸ ಇದ್ದದ್ದು ನಮಗೂ ದರ್ಜಿಗೂ ಮಾತ್ರ. ಹತ್ತೊಂಬತ್ತರ ಅಜ್ಜ ಬದಲಾಯಿಸಿಕೊಂಡದ್ದು ಸ್ವಂತ ಮಗನ ಜೊತೆ. ಅದು ಅವರ ಮನೆಯೊಳಗಿನ ಮಾತು. ನಾನು ಬರೆಯುತ್ತ ತಲೆಯೆತ್ತಿದೆ. ದರ್ಜಿ ಎದ್ದು ನಿಂತಿದ್ದ. "ಒಂದು ಪ್ಯಾಂಟಿಗೆ ಇಸ್ತ್ರಿ ಹಾಕೋದಿತ್ತು," ಅಂತ ಹೇಳಿ ಮೆಟ್ಟಿಲು ಹತ್ತಿ ಹೋದ. ಹಿಂದೆಯೇ ಅವನ ಹೆಂಡತಿಯೂ ಹೋದಳು. ಅವಳು ಮಾತಾಡದೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೇ ದಿನದಿಂದ ಬುಟ್ಟಿ ಇಳಿಯಲಿಲ್ಲ.

ಬುಟ್ಟಿಯ ಮಾತು ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ದರ್ಜಿಯ ಮಷಿನ್ನು ನಾಲ್ಕನೇ ಮಹಡಿಯಲ್ಲಿ, ಗಿರಾಕಿಗಳು ಬೀದಿಯಲ್ಲಿ. ಅಷ್ಟು ಮೆಟ್ಟಿಲು ಹತ್ತಿ ಬರುವವರು ಯಾರು? ಅದಕ್ಕೇ ಜನ ಬಟ್ಟೆಯನ್ನು ಅಕ್ಕನ ಹತ್ತಿರ ಕೊಡುತ್ತಾರೆ. ಉದ್ದ ಎಷ್ಟು, ಸೊಂಟ ಎಷ್ಟು, ಯಾವಾಗ ಬೇಕು, ಎಲ್ಲ ಅಕ್ಕ ಕೇಳಿ ನೆನಪಿಟ್ಟುಕೊಂಡು ಮೇಲಕ್ಕೆ ಕೂಗುತ್ತಾಳೆ. ವರಾಂಡದ ಕಂಬಿಗೆ ಕಟ್ಟಿದ ರಾಟೆಯಿಂದ ಬುಟ್ಟಿ ಇಳಿಯುತ್ತದೆ, ಬಟ್ಟೆ ತುಂಬಿಕೊಂಡು ಏರುತ್ತದೆ, ಹೊಲಿದು ಮುಗಿದದ್ದು ಮತ್ತೆ ಇಳಿಯುತ್ತದೆ. ಆ ರಾಟೆಯ ಕಿರ್ರ್ ಸದ್ದು ಕೇಳಿಯೇ ನಾವು ಅನ್ನಕ್ಕೆ ಇಡುವುದು, ಬಟ್ಟೆ ತೆಗೆಯುವುದು. ಈಗ ಅದು ನಿಂತಿತು. ಹಗ್ಗ ಸವೆದಿದೆ ಅಂತ ದರ್ಜಿ ಯಾರ ಹತ್ತಿರವೋ ಹೇಳಿದನಂತೆ.

"ಹಗ್ಗ ಸವೆದಿಲ್ಲ, ಮುಖ ಸವೆದಿದೆ," ಅಂದಳು ಅಕ್ಕ. ಆದರೂ ಗಿರಾಕಿಗಳು ತಂದ ಬಟ್ಟೆಯನ್ನು ಬೇಡ ಅನ್ನದೆ ಇಸಿದುಕೊಂಡು ಮಡಚಿ ಮಡಚಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಗಂಟು ದೊಡ್ಡದಾಗುತ್ತ ಹೋಯಿತು.

ಪತ್ರವೂ ಮನೆಯಲ್ಲೇ ಉಳಿಯಿತು. ಎಲ್ಲ ಮನೆಯ ಸಹಿ ಬಿದ್ದಿತ್ತು, ದರ್ಜಿಯದೊಂದು ಬಿಟ್ಟು. ದಿನಕ್ಕೊಬ್ಬರು ಮೇಲೆ ಹೋಗಿ ಅವನಿಗೆ ಹೇಳಿ ಬರುತ್ತಿದ್ದರು. ಒಬ್ಬರು ಕೈಮುಗಿದರು, ಒಬ್ಬರು ಬೈದರು, ಅಲ್ಪವಿರಾಮ ನ್ಯಾಯ ನೀತಿ ಅಂತ ಉದ್ದಕ್ಕೆ ಮಾತಾಡಿ ಬಾಯಾರಿ ಇಳಿದರು. ಯಾರು ಏನು ಹೇಳಿದರೂ ಅವನು ಮಷಿನ್ನು ತುಳಿಯುತ್ತಲೇ ಇದ್ದನಂತೆ. "ದೊಡ್ಡ ಮನೆ ಆಸೆ, ಇನ್ನೇನು!" ಅಂತ ನಲ್ಲಿಯ ಹತ್ತಿರ ಮಾತು ಹಬ್ಬಿತು. ಕಂಪನಿಯ ಹುಡುಗಿ ಫೋನ್ ಮಾಡಿ, "ಅಜ್ಜಿ, ನಕ್ಷೆ ಹೊರಡೋದ್ರಲ್ಲಿದೆ, ಬೇಗ," ಅಂದಳು. ಹೀಗೆ ವಾರದ ಮೇಲೆ ವಾರ ಕಳೆಯಿತು. ಪತ್ರ ನನ್ನ ದಿಂಬಿನ ಕೆಳಗೆ ಮಲಗಿಯೇ ಇತ್ತು.

ಒಂದು ಬೆಳಿಗ್ಗೆ ಒಬ್ಬ ತಾಯಿ ಬಂದು, ಮಗಳ ಯೂನಿಫಾರ್ಮ್ ಇನ್ನೂ ಮುಟ್ಟಿಯೇ ಇಲ್ಲವಲ್ಲ ಅಂತ ಕಣ್ಣಲ್ಲಿ ನೀರು ಹಾಕಿಕೊಂಡಳು. ಅಕ್ಕ ಗಂಟನ್ನು ನನ್ನ ಕಡೆ ನೂಕಿದಳು.

"ಹೋಗು. ಕೊಟ್ಟು ಬಾ."

"ನಾಲ್ಕು ಮಹಡೀನಾ? ನನ್ನ ಮಂಡಿ ಗೊತ್ತಿದ್ದೂ ಹೇಳ್ತೀಯಲ್ಲ!"

"ನಿಧಾನಕ್ಕೆ ಹೋಗು. ನಾನೇನು ನಿನ್ನ ಓಟದ ಸ್ಪರ್ಧೆಗೆ ಕಳಿಸ್ತಿಲ್ಲ. ಮತ್ತೆ, ಪತ್ರ ತಗೊಂಡು ಹೋಗ್ಬೇಡ."

"ಯಾಕೆ?"

"ಅದನ್ನ ನೋಡಿ ನೋಡಿ ಅವನಿಗೆ ಅಜೀರ್ಣ ಆಗಿರತ್ತೆ."

ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಪ್ರತಿ ಮಹಡಿಯಲ್ಲೂ ಕಂಬಿ ಹಿಡಿದು ನಿಂತೆ. ಮೊದಲ ಮಹಡಿಯವಳು ಕುಡಿಯಲು ನೀರು ಕೊಟ್ಟು, "ಸಹಿ ಹಾಕಿಸ್ಕೊಂಡೇ ಬನ್ನಿ, ಬಿಡ್ಬೇಡಿ," ಅಂದಳು. ಎರಡನೆಯದರಲ್ಲಿ ಅಲ್ಪವಿರಾಮ ಪೆನ್ನಿನ ಮುಚ್ಚಳ ತೆಗೆದುಕೊಂಡೇ ಬಂದರು. "ಪತ್ರ ಎಲ್ಲಿ? ಮೂರನೇ ಸಾಲಲ್ಲಿ ಒಂದು ಸಣ್ಣ..." ಅನ್ನುವಷ್ಟರಲ್ಲಿ ನಾನು ಮುಂದಿನ ಮೆಟ್ಟಿಲು ಹತ್ತಿದ್ದೆ. ಮಂಡಿ ನೋವಿಗೂ ಆ ಕ್ಷಣ ಬುದ್ಧಿ ಬಂದು ಸುಮ್ಮನಾಯಿತು.

ದರ್ಜಿಯ ಬಾಗಿಲ ಮೇಲೆ ಮೂರನೇ ನಂಬರಿನ ತಗಡು ಹೊಳೆಯುತ್ತಿತ್ತು. ತಿಕ್ಕಿ ಇಟ್ಟಿದ್ದರು.

"ಬನ್ನಿ ಚಿಕ್ಕಮ್ಮ," ಅಂದ ದರ್ಜಿ. ಕೂರಿ ಅನ್ನಲು ಹೋಗಿ ಸುತ್ತ ನೋಡಿದ. ಕೂರಲು ಜಾಗವಿರಲಿಲ್ಲ. ಮಗಳು ಮಂಚದ ಮೇಲೆ ಕಾಲು ಮಡಚಿ ಓದುತ್ತಿದ್ದಳು. ಅವಳ ಪುಸ್ತಕದ ಅರ್ಧದ ಮೇಲೆ ಕತ್ತರಿಸಿಟ್ಟ ಅಂಗಿಯ ತೋಳೊಂದು ಬಿದ್ದಿತ್ತು. ಕಂಡಕ್ಟರಮ್ಮ ಸಮವಸ್ತ್ರದಲ್ಲೇ ಒಲೆಯ ಮುಂದೆ ನಿಂತು ಡಬ್ಬಿ ಕಟ್ಟುತ್ತಿದ್ದಳು. ಅವಳು ತಿರುಗಬೇಕಾದರೆ ಇವನು ಮಷಿನ್ನಿನ ಕಡೆ ವಾಲಬೇಕು. ಕಿಟಕಿಯಿಂದ ಗೋಡೆಯವರೆಗೆ ಕತ್ತರಿಸುವ ಹಲಗೆ. ಮಗಳು ಸರಿದು ಮಂಚದ ಮೂಲೆ ಬಿಟ್ಟುಕೊಟ್ಟಳು.

"ಈ ಹಲಗೆ ರಾತ್ರಿ ಎಲ್ಲಿ ಇಡ್ತೀರಿ?" ಅಂತ ಕೇಳಿದೆ.

"ಎಲ್ಲೂ ಇಡಲ್ಲ ಅಜ್ಜಿ. ಹಗಲು ಅಪ್ಪಂಗೆ, ಊಟದ ಹೊತ್ತಿಗೆ ಮೇಜು, ಆಮೇಲೆ ನಾನು ಅದರ ಮೇಲೇ ಮಲಗ್ತೀನಿ," ಅಂದಳು ಮಗಳು. "ಒಂದ್ಸಲ ಸೂಜಿ ಬಿಟ್ಟಿದ್ರು. ಅವತ್ತು ಪರೀಕ್ಷೆಗೆ ನಿಂತ್ಕೊಂಡೇ ಓದಿದೆ."

ಕಂಡಕ್ಟರಮ್ಮ ನಗು ತಡೆಯಲಾರದೆ ಡಬ್ಬಿಯ ಮುಚ್ಚಳ ಬೀಳಿಸಿದಳು. ದರ್ಜಿ ನಗಲಿಲ್ಲ.

ಈ ಕೋಣೆಯಲ್ಲಿ ನಾನೂ ಬಾಳಿದವಳು. ಆದರೆ ಆಗ ಇಲ್ಲಿ ಮಷಿನ್ನಿರಲಿಲ್ಲ, ಹಲಗೆ ಇರಲಿಲ್ಲ, ಓದುವ ಮಗಳಿರಲಿಲ್ಲ. ಕೆಳಗೆ ನಮ್ಮ ಒಳಕೋಣೆ ಕಣ್ಣ ಮುಂದೆ ಬಂತು. ಎರಡು ಟ್ರಂಕು, ಮುರಿದ ಒಂದು ಕುರ್ಚಿ, ನನ್ನ ಗಂಡನ ಸೈಕಲ್ಲು. ಅದರೊಳಗೆ ಗುಡಿಸಲು ಹೋಗುವುದು ಬಿಟ್ಟರೆ ನಾವಿಬ್ಬರೂ ಕಾಲಿಡುವುದಿಲ್ಲ.

"ಸಹಿಗೆ ಬಂದಿದ್ರೆ ಚಿಕ್ಕಮ್ಮ..." ಅಂತ ಅವನು ಶುರುಮಾಡಿದ.

"ಬಟ್ಟೆ ಕೊಡೋಕೆ ಬಂದೆ. ಇದು ಯೂನಿಫಾರ್ಮು, ಎರಡು ಬೆರಳು ಉದ್ದ ಬಿಡಬೇಕಂತೆ. ಈ ಪ್ಯಾಂಟಿನವನಿಗೆ ಹೊಟ್ಟೆ ಬಂದಿದೆಯಂತೆ, ಅವನು ಹೇಳ್ಲಿಲ್ಲ, ಅಕ್ಕನೇ ನೋಡಿ ಹೇಳಿದ್ಲು." ಒಂದೊಂದಾಗಿ ಕೊಟ್ಟೆ. ಕೊನೆಯದನ್ನು ಕೊಟ್ಟ ಮೇಲೆ ಹೇಳಿದೆ, "ಮತ್ತೆ, ಆ ದೊಡ್ಡ ಮನೆ ನೀವೇ ತಗೊಳ್ಳಿ. ಕಾಗದದಲ್ಲಿರೋ ಹಾಗೇ. ಆ ಸಾಲು ನಾನು ಪತ್ರದಿಂದ ತೆಗೀತೀನಿ."

ದರ್ಜಿಯ ಮುಖ ಕೆಂಪಾಯಿತು. ಖುಷಿಯಾಗುತ್ತದೆ ಅಂತ ನಾನು ತಿಳಿದಿದ್ದೆ, ಅವನಿಗೆ ಸಿಟ್ಟು ಬಂತು.

"ನಾನು ಕೇಳಿದ್ನಾ? ನಿಮ್ಮ ಹತ್ರ ಯಾವತ್ತಾದ್ರೂ ಆ ಮನೆ ವಾಪಸ್ ಕೊಡಿ ಅಂದಿದೀನಾ? ಇಡೀ ಕಟ್ಟಡ ನನ್ನನ್ನ ಆಸೆಬುರುಕ ಅಂತಿದೆ. ಬಂದೋರೆಲ್ಲ ಸಹಿ ಹಾಕು, ಸಹಿ ಹಾಕು. ನಿಂಗೇನಪ್ಪ ಬೇಕು ಅಂತ ಒಬ್ಬರಾದ್ರೂ ಕೇಳಿದ್ರಾ?"

ಅವನು ಹೇಳಿದ್ದು ನಿಜ. ಅಷ್ಟು ಸಭೆ, ಅಷ್ಟು ಮಾತು, ಅಷ್ಟು ಅಲ್ಪವಿರಾಮ. ಈ ಒಂದು ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬಂದಿರಲಿಲ್ಲ.

"ಸರಿ, ನಾನು ಕೇಳ್ತೀನಿ. ನಿಂಗೇನಪ್ಪ ಬೇಕು?"

ಅವನು ಕತ್ತರಿ ಕೆಳಗಿಟ್ಟ. ಇಷ್ಟು ದಿನ ಯಾರೂ ಕೇಳದಿದ್ದುದರಿಂದ ಅವನೂ ಉತ್ತರ ಜೋಡಿಸಿಟ್ಟುಕೊಂಡಿರಲಿಲ್ಲ ಅಂತ ಕಾಣುತ್ತದೆ.

"ಹೊಸ ಕಟ್ಟಡದ ಚಿತ್ರ ನೋಡಿದ್ರಲ್ಲ. ವರಾಂಡಕ್ಕೆಲ್ಲ ಗಾಜು. ರಾಟೆ ಎಲ್ಲಿ ಕಟ್ಲಿ? ಗೇಟಲ್ಲಿ ಕಾವಲುಗಾರ. ಪ್ಯಾಂಟು ಗಿಡ್ಡ ಮಾಡಿಸೋಕೆ ಹೆಸರು ಬರೆದು, ಲಿಫ್ಟ್ ಹತ್ತಿ ಯಾರು ಬರ್ತಾರೆ? ಕೆಳಗೆ ಬಾಗಿಲಲ್ಲಿ ದೊಡ್ಡಮ್ಮನೂ ಇರಲ್ಲ. ದೊಡ್ಡ ಮನೆ ಸಿಕ್ರೆ ಒಂದು ಕೋಣೇಲಿ ಮಷಿನ್ ಇಟ್ಕೋಬಹುದು ಅಂತಿದ್ದೆ. ಆದ್ರೆ ಬಟ್ಟೆ ತರೋರೇ ಇಲ್ಲದ ಮೇಲೆ ಅದು ಸಿಂಗಾರಕ್ಕೆ." ಮಷಿನ್ನಿನ ಮೇಲೆ ಕೈಯಿಟ್ಟ. "ನನ್ನ ಮಷಿನ್ ಕೆಳಗಿರಬೇಕು ಚಿಕ್ಕಮ್ಮ. ದೊಡ್ಡಮ್ಮನ ಬಾಗಿಲ ಪಕ್ಕ. ಒಂದು ಸಣ್ಣ ಕೋಣೆ, ಬೀದಿ ಕಡೆ ಬಾಗಿಲು. ಅಷ್ಟೇ."

"ಇದನ್ನ ಅವತ್ತೇ ಸಭೇಲಿ ಹೇಳೋದಲ್ವಾ?"

"ಅವ್ರು ಹೇಳೋದಾ!" ಅಂತ ಕಂಡಕ್ಟರಮ್ಮ ನುಗ್ಗಿದಳು. "ಮದುವೆ ಮಾಡ್ಕೊಳ್ಳೋಕೆ ಒಪ್ಪಿಗೆ ಅಂತ ಹೇಳೋಕೆ ಈ ಮನುಷ್ಯ ಎಷ್ಟು ದಿನ ತಗೊಂಡ್ರು ಗೊತ್ತಾ? ಅಷ್ಟರಲ್ಲಿ ನಾನು ಬೇರೆ ಬಸ್ ಹತ್ತಬಹುದಿತ್ತು."

"ಆ ಕೋಣೆ ಸಿಕ್ರೆ ದೊಡ್ಡ ಮನೆ ನಮಗೆ ಬೇಡ," ಅಂದ ದರ್ಜಿ. "ನೀವೇ ಇಟ್ಕೊಳ್ಳಿ."

"ನಮಗ್ಯಾಕೆ? ನಾವಿಬ್ಬರು ಮುದುಕಿಯರು."

"ಬೇಡ ಅಂದ್ನಲ್ಲ ಚಿಕ್ಕಮ್ಮ."

"ನಾನೂ ಬೇಡ ಅಂದ್ನಲ್ಲ!"

ಜಗಳ ಹಿಡಿಯುವ ಹಾಗಿತ್ತು. ಆದರೆ ಮನೆ ನನ್ನೊಬ್ಬಳದಲ್ಲ. ಅಕ್ಕನನ್ನು ಕೇಳದೆ ನಾನು ಉಪ್ಪಿನ ಡಬ್ಬಿಯ ಜಾಗವನ್ನೂ ಬದಲಾಯಿಸುವುದಿಲ್ಲ. ವರಾಂಡಕ್ಕೆ ಬಂದು ಕಂಬಿಯ ಮೇಲಿಂದ ಬಾಗಿದೆ. ಕೆಳಗೆ ಅವಳ ನೆತ್ತಿ, ಬಿಳಿಯ ತುರುಬು ಕಾಣಿಸಿತು.

"ಅಕ್ಕಾ! ಒಳಕೋಣೆ ಇವರಿಗೆ ಬಿಟ್ಟುಕೊಡೋಣ ಅಂತ. ಹೊಸದ್ರಲ್ಲಿ ನಮಗೆ ಒಂದೇ ಕೋಣೆ. ಏನಂತೀಯ?"

ಅಕ್ಕ ಕತ್ತೆತ್ತಿದಳು. ಬಟ್ಟೆ ಹಾಕುತ್ತಿದ್ದವರು, ನಲ್ಲಿಯ ಹತ್ತಿರ ಇದ್ದವರು, ಮಹಡಿ ಮಹಡಿಯವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ಹೊರಗೆ ಬಂದರು.

"ಒಳಕೋಣೇಲಿ ಯಾರಿದಾರೆ?" ಅಂತ ಅಕ್ಕ ಕೂಗಿದಳು. "ನಿನ್ನ ಗಂಡನ ಸೈಕಲ್ಲು! ಅದಕ್ಕೆ ಗಾಳಿನೂ ಇಲ್ಲ, ಚೈನೂ ಇಲ್ಲ. ಸೈಕಲ್ಲಿಗೊಂದು ಕೋಣೆ ಬೇಕಾ? ಕೊಡು, ಕೊಡು!"

ಇಡೀ ಕಟ್ಟಡ ನಕ್ಕಿತು.

"ನಂಗೆ ನೆಲ ಇದ್ರೆ ಸಾಕು," ಅಂತ ಅವಳು ಸೇರಿಸಿದಳು. "ಅವನ ಮಷಿನ್ ನನ್ನ ಪಕ್ಕದಲ್ಲಿದ್ರೆ ಇನ್ನೂ ಒಳ್ಳೇದು. ಮೇಲಕ್ಕೆ ಕೂಗಿ ಕೂಗಿ ಗಂಟಲು ಹೋಗಿದೆ. ಹತ್ತಿರ ಇದ್ರೆ ಮೆಲ್ಲಗೆ ಬೈಬಹುದು."

ದರ್ಜಿ ಮಷಿನ್ನಿನ ಮಾತನ್ನು ನಾಲ್ಕು ಗೋಡೆಯ ಒಳಗೆ ಹೇಳಿದ್ದ. ಅದು ಅಕ್ಕನಿಗೆ ಹೇಗೆ ತಿಳಿಯಿತು ಅಂತ ನಾನು ಅವನ ಮುಖ ನೋಡಿದೆ, ಅವನು ಹೆಂಡತಿಯ ಮುಖ ನೋಡಿದ.

"ಯಾಕೆ ನನ್ನ ನೋಡ್ತೀರಿ? ನಾನು ಯಾವತ್ತು ಬಾಯಿ ಬಿಟ್ಟಿದೀನಿ?" ಅಂದಳು ಕಂಡಕ್ಟರಮ್ಮ. ದಿನಾ ಕೆಲಸಕ್ಕೆ ಹೊರಡುವಾಗ ಅಕ್ಕನ ಹತ್ತಿರ ನಿಂತು ಮಾತಾಡಿ ಹೋಗುವವಳು ಅವಳೇ ತಾನೆ. ನನ್ನ ಕೈಗೆ ಪತ್ರ ಕೊಡದೆ ಬರೀ ಗಂಟು ಕೊಟ್ಟು ಅಕ್ಕ ಕಳಿಸಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ದರ್ಜಿ ಇನ್ನೂ ಬೇಡ ಬೇಡ ಅನ್ನುತ್ತಲೇ ಇದ್ದ. ಅವಳು ಭುಜಕ್ಕೆ ಚೀಲ ಏರಿಸಿಕೊಂಡು ಅವನಿಗೆ ಹೇಳಿದಳು, "ನೋಡ್ರಿ, ದೊಡ್ಡವರು ಎದ್ದು ಸೀಟು ಬಿಟ್ಟುಕೊಟ್ರೆ ಸುಮ್ನೆ ಕೂತ್ಕೋಬೇಕು. ನಿಂತ್ಕೊಂಡು ವಾದ ಮಾಡಿದ್ರೆ ಹಿಂದಿನವರಿಗೆ ದಾರಿ ಇಲ್ಲ." ಮಗಳು ಹಲಗೆಯ ಮೇಲೆ ಕೈಯಾಡಿಸುತ್ತ ಅಪ್ಪನನ್ನು ನೋಡಿದಳು. ಅವನು ತಲೆಯಾಡಿಸಿ ಒಪ್ಪಿದ.

ಸ್ವಲ್ಪ ಹೊತ್ತಿಗೆ ಮೂಲೆಯಿಂದ ಹಗ್ಗ ತಂದು ರಾಟೆಗೆ ಹಾಕಿದ. ಹಗ್ಗ ಗಟ್ಟಿಯಾಗಿಯೇ ಇತ್ತು. ಆ ದಿನಗಳಲ್ಲಿ ಮುನಿಸಿಕೊಂಡೂ ಹೊಲಿದು ಮುಗಿಸಿಟ್ಟಿದ್ದ ಮೊದಲೇ ಬಂದಿದ್ದ ಬಟ್ಟೆಗಳನ್ನೆಲ್ಲ ಮಡಚಿ ಬುಟ್ಟಿಗೆ ತುಂಬಿದ. ಕಿರ್ರ್ ಅನ್ನುತ್ತ ಅದು ಇಳಿಯುವುದನ್ನು ಒಂದೊಂದು ಮಹಡಿಯವರೂ ಕಂಬಿ ಹಿಡಿದು ನೋಡಿದರು.

"ನನ್ನನ್ನೂ ಅದರಲ್ಲೇ ಇಳಿಸಿಬಿಡಪ್ಪ," ಅಂದೆ.

"ನಿಮ್ಮ ಭಾರಕ್ಕೆ ಹಗ್ಗ ನಿಜವಾಗ್ಲೂ ಸವೆಯತ್ತೆ ಚಿಕ್ಕಮ್ಮ," ಅಂದ ಅವನು. ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಬಂದ ತಮಾಷೆ. ಚೆನ್ನಾಗೇನೂ ಇರಲಿಲ್ಲ, ಆದರೂ ನಾನು ನಕ್ಕೆ.

ಮಧ್ಯಾಹ್ನವೇ ಅಕ್ಕನ ಕುರ್ಚಿಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಹೊಸದಾಗಿ ಬರೆಯಲು ಕೂತೆ. ಮೆಟ್ಟಿಲು ಹತ್ತಲಾರದವರಿಗೆ ನೆಲಮಹಡಿಯಲ್ಲಿ ಮನೆ. ಅವರ ಸಾ‌ಲಿನಲ್ಲೇ ಬೀದಿಗೆ ಬಾಗಿಲಿರುವ ಒಂದು ಹೊಲಿಗೆಯ ಕೋಣೆ. ಅಳತೆ ಕಾಗದದಲ್ಲಿ ಇರುವಂತೆಯೇ ಆಗಲಿ, ನಮ್ಮ ತಕರಾರಿಲ್ಲ. ಇದನ್ನು ಬರೆಯುತ್ತಿರುವಾಗ ಮೊದಲ ಮಹಡಿಯವಳು ಬಂದು ನಿಂತಳು. ಅವಳನ್ನೂ ಕೇಳಿದೆ, "ನಿಂಗೇನಮ್ಮ ಬೇಕು?" ಬಟ್ಟೆ ಒಣಗಿಸಲು ಬಿಸಿಲು ಬೀಳುವ ಒಂದು ಜಾಗ ಅಂದಳು. ಅದನ್ನೂ ಸೇರಿಸಿದೆ. ಹತ್ತೊಂಬತ್ತರ ಅಜ್ಜನನ್ನು ಕೇಳಿದೆ. ಕೂರಲು ಒಂದು ಕಟ್ಟೆ, ಅದರ ಹತ್ತಿರ ಅಲ್ಪವಿರಾಮ ಬರಬಾರದು ಅಂದ. ಅರ್ಧ ಮಾತ್ರ ಬರೆದುಕೊಂಡೆ. ಬೆರಳಿಟ್ಟು ಬರೆದು ಬರೆದು ಪತ್ರ ಎರಡು ಹಾಳೆ ತುಂಬಿತು. ಒಂದೂ ಬೇಕಾಬಿಟ್ಟಿ ಮಾತಿರಲಿಲ್ಲ.

ಸಹಿಗಳು ಮತ್ತೆ ಮೊದಲಿನಿಂದ ಬಿದ್ದವು. ದರ್ಜಿ ಎಲ್ಲರಿಗಿಂತ ಮುಂಚೆ ಹಾಕಿದ. ಅಕ್ಕ ಕನ್ನಡಕ ಇಸಿದುಕೊಂಡು, ನಾಲಿಗೆ ಕಚ್ಚಿಕೊಂಡು, ನಾನು ಕಲಿಸಿದ ಹಾಗೆ ತನ್ನ ಹೆಸರನ್ನು ದಪ್ಪಗೆ ಬರೆದಳು. ಬರೆದ ಮೇಲೆ ಅದಕ್ಕೊಂದು ಕೆಳಗೆರೆ ಎಳೆದಳು.

"ಇದು ಯಾಕೆ?"

"ನೆಲ," ಅಂದಳು.

ಮರುದಿನ ಕಂಪನಿಯ ಹುಡುಗಿಗೆ ಫೋನ್ ಮಾಡಿಸಿದೆ. "ಇನ್ನೂ ಹೊತ್ತು ಮೀರಿಲ್ಲ ಅಜ್ಜಿ, ಇವತ್ತೇ ರಿಜಿಸ್ಟರ್ ಪೋಸ್ಟಲ್ಲಿ ಕಳಿಸಿ. ಬೀದಿ ಕಡೆ ಹೊಲಿಗೆ ಕೋಣೆನಾ? ಅದು ಒಳ್ಳೇದು, ಅದಕ್ಕೆ ನಕ್ಷೇಲಿ ಜಾಗ ಮಾಡಬಹುದು ಅನ್ಸತ್ತೆ. ಬಂದ ಕೂಡ್ಲೇ ನಾನೇ ತಗೊಂಡು ಹೋಗಿ ಮೇಲಿನವರ ಮುಂದೆ ಇಡ್ತೀನಿ," ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ನಂದೂ ಒಂದು ಅಂಗಿ ಇದೆ, ಸಡಿಲ ಆಗಿದೆ," ಅಂದಳು. ತಂದು ಅಕ್ಕನ ಹತ್ತಿರ ಕೊಡು ಅಂದೆ.

ಅಂಚೆ ಕಚೇರಿಗೆ ನಾವು ಹೋದದ್ದು ಕಂಡಕ್ಟರಮ್ಮನ ಬಸ್ಸಿನಲ್ಲೇ. ನಾನು, ದರ್ಜಿ, ಬೇಡವೆಂದರೂ ಹತ್ತಿದ ಅಲ್ಪವಿರಾಮ. "ಅಂಚೆ ಕಚೇರಿ ಇಳಿಯೋರು ಮುಂದೆ ಬನ್ನಿ, ಚಿಕ್ಕಮ್ಮನಿಗೆ ದಾರಿ ಬಿಡಿ, ಇಡೀ ಕಟ್ಟಡ ಅವರ ಕೈಲಿದೆ!" ಅಂತ ಅವಳು ಕೂಗಿದ್ದಕ್ಕೆ ಬಸ್ಸಿನವರೆಲ್ಲ ನನ್ನ ಕೈಯಲ್ಲಿದ್ದ ಲಕೋಟೆಯನ್ನೇ ನೋಡಿದರು. ನಾನು ಅದನ್ನು ಎದೆಗೆ ಒತ್ತಿಕೊಂಡು ಇಳಿದೆ.

ಸಾಲಿನಲ್ಲಿ ನಿಂತಾಗ ಅಲ್ಪವಿರಾಮ ಕೈ ಚಾಚಿದರು. "ಒಂದೇ ಒಂದು ಸಲ ಕೊಡಿ. ಅಂಟಿಸೋ ಮುಂಚೆ ಕಣ್ಣಾಡಿಸ್ತೀನಿ. ಎರಡನೇ ಹಾಳೇಲಿ ಒಂದು ಕಡೆ..."

ಅವರು ಮಾತು ಮುಗಿಸುವ ಮೊದಲೇ ನಾನು ಲಕೋಟೆಯ ಅಂಚಿಗೆ ನಾಲಿಗೆ ಹಚ್ಚಿ ಅಂಟಿಸಿದೆ. ದರ್ಜಿ ತನ್ನ ಅಂಗೈಯನ್ನು ಇಸ್ತ್ರಿಪೆಟ್ಟಿಗೆಯ ಹಾಗೆ ಅದರ ಮೇಲೆ ಎರಡು ಸಲ ಒತ್ತಿ ಎಳೆದ.

ಗಾಜಿನ ಆಚೆಯ ಹೆಂಗಸು ಲಕೋಟೆ ತೂಗಿ, ಚೀಟಿ ಅಂಟಿಸಿದಳು. "ಕಳಿಸುವವರ ವಿಳಾಸ ಬರೆದಿಲ್ಲವಲ್ಲ ಅಮ್ಮ. ಮನೆ ನಂಬರ್?"

"ಮೂವತ್ತೊಂದು," ಅಂದೆ.

"ಯಾವ ಮಹಡಿ?"

"ನೆಲಮಹಡಿ," ಅಂದ ದರ್ಜಿ, ನನಗಿಂತ ಮುಂಚೆ.

ಅವಳು ಬರೆದುಕೊಂಡು, ಮುದ್ರೆ ಎತ್ತಿ ದಡ್ ಅಂತ ಒತ್ತಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಹಾಕಿದಳು.